ನೀರು ಬಿಡುವ ಗಿರಿಯಪ್ಪನ ಪಾಳಿ

ನಿಶಾತಳ ಪುಸ್ತಕದಲ್ಲಿ ಇನ್ನೂರ ಹದಿನೆಂಟು ಮನೆಗಳಿವೆ. ಗೋಕುಲ ರಸ್ತೆಯ ಕಾರ್ಖಾನೆಗಳ ಹಿಂದಿನ ಮೂರು ಓಣಿಗಳಿಗೆ ಆಕೆ ಆಶಾ ಕಾರ್ಯಕರ್ತೆ. ಬಸುರಿಯರು, ಬಾಣಂತಿಯರು, ಬಿಪಿಯವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಆ ಪುಸ್ತಕದಲ್ಲಿದ್ದಾರೆ. ಇನ್ನೂರ ಹದಿನೇಳು ಮನೆಗಳನ್ನು ಆಕೆ ಹೇಗಾದರೂ ಮುಗಿಸಿಯಾಳು. ಉಳಿದ ಒಂದನ್ನು ಮಾತ್ರ ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಾಳೆ. ಅದು ಗಿರಿಯಪ್ಪನ ಮನೆ. ಅಲ್ಲಿ ಒಂದು ಸಹಿ ಹಾಕಿಸಿಕೊಳ್ಳುವುದಕ್ಕೆ ಒಂದು ತಾಸು ಹಿಡಿಯುತ್ತದೆ.

“ಮನ್ಯಾಗ ಎಷ್ಟು ಮಂದಿ ಅದೀರಿ ಕಾಕಾ?” ಎಂದು ಕೇಳಿದರೆ ಅವನು ಕನ್ನಡಕ ಮೇಲೇರಿಸುತ್ತಾನೆ. “ಯಾರು ಕೇಳಾಕತ್ತಾರ? ನೀನೋ, ಸರಕಾರೋ? ನೀ ಕೇಳಿದ್ರ ನಾನು, ನಿಮ್ಮ ಕಾಕು ಮುದಕವ್ವ, ಒಂದು ನಾಯಿ. ಚಾ ಕುಡದು ಹೋಗು. ಸರಕಾರ ಕೇಳಿದ್ರ, ಹೋದ ವರ್ಷ ಬರಕೊಂಡು ಹೋದದ್ದನ್ನ ಏನ್ ಮಾಡಿದ್ರಿ ಅಂತ ಮೊದಲ ಹೇಳ್ಲಿ.”

ರೇಷನ್ ಅಂಗಡಿಯ ಅಕ್ಕಿಯನ್ನು ಮನೆಗೆ ತಂದು ಮತ್ತೆ ತೂಗುವವನು ಅವನು. ಯಾವ ಕಾಗದಕ್ಕೂ ಒಂದು ಝೆರಾಕ್ಸ್ ಸಾಲದೆಂದು ಮೂರು ತೆಗೆಸಿಡುವವನು. ಸರಕಾರದ ಕೆಲಸ ದೇವರ ಕೆಲಸ ಎಂಬ ಮಾತು ಯಾವುದಾದರೂ ಗೋಡೆಯ ಮೇಲೆ ಕಂಡರೆ ಸಾಕು, “ಖರೇ ಐತಿ, ದೇವರ ಕೆಲಸ. ಅದಕ್ಕ ಯಾರ ಕಣ್ಣಿಗೂ ಬೀಳೂದಿಲ್ಲ” ಎಂದು ನಿಂತು ನಗುತ್ತಾನೆ.

ಮಜಾ ಏನೆಂದರೆ ಈ ಗಿರಿಯಪ್ಪ ಮೂವತ್ನಾಲ್ಕು ವರ್ಷ ತಾನೇ ಸರಕಾರವಾಗಿದ್ದವನು. ನೀರು ಬಿಡುವ ವಾಲ್‌ಮನ್. ಎದೆಯ ಮಟ್ಟದ ಕಬ್ಬಿಣದ ಚಾವಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಣಿ ಓಣಿ ತಿರುಗಿ, ರಸ್ತೆಯ ಮೂಲೆಯ ಮುಚ್ಚಳ ತೆಗೆದು, ಈ ಓಣಿಗೆ ಎರಡು ತಾಸು ಆ ಓಣಿಗೆ ಎರಡು ತಾಸು ಎಂದು ಪಾಳಿ ಹಚ್ಚಿ ನೀರು ಬಿಟ್ಟವನು. ಹುಬ್ಬಳ್ಳಿಯಲ್ಲಿ ನಳ ಬರುವ ದಿನವೆಂದರೆ ಏನೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎಂಟು ದಿನಕ್ಕೊಮ್ಮೆ ಬರುವ ನೀರಿಗಾಗಿ ಮದುವೆಯ ಮುಹೂರ್ತಗಳೇ ಹಿಂದುಮುಂದಾದ ಊರು ಇದು. ಅಂಥ ಊರಿನಲ್ಲಿ ಚಾವಿ ಹಿಡಿದವನ ಕೈ ಎಷ್ಟು ಬಿಸಿಯಾಗಬಹುದಿತ್ತು! ಗಿರಿಯಪ್ಪನ ಕೈಗೆ ಗುಳ್ಳೆಗಳಾದವು, ಅಷ್ಟೇ. ಒಮ್ಮೆ ದೊಡ್ಡವರೊಬ್ಬರು ತಮ್ಮ ಮನೆಯ ಕಡೆ ಅರ್ಧ ತಾಸು ಹೆಚ್ಚಿಗೆ ಬಿಡು ಎಂದು ಕರೆಸಿ ಹೇಳಿದರು. “ಬಿಡತೇನ್ರಿ. ಆದ್ರ ಆ ಅರ್ಧ ತಾಸು ಯಾವ ಓಣಿಯಿಂದ ಕಡಿಮಿ ಮಾಡ್ಲಿ ಅಂತ ನೀವು ಬರದು ಕೊಡ್ರಿ, ಅದನ್ನ ಆ ಓಣ್ಯಾಗ ಓದಿ ಹೇಳತೇನಿ” ಎಂದ. ಬರೆದು ಕೊಡಲು ಅವರಿಗೆ ಇವತ್ತಿನವರೆಗೂ ಪುರುಸೊತ್ತಾಗಿಲ್ಲ.

ಅವನಿಗೆ ಸರಕಾರದ ಮೇಲೆ ನಂಬಿಕೆ ಹೋದದ್ದು ಸುಮ್ಮನೆ ಅಲ್ಲ. ಮೂವತ್ನಾಲ್ಕರಲ್ಲಿ ಇಪ್ಪತ್ಮೂರು ವರ್ಷ ಅವನು ದಿನಗೂಲಿಯವನಾಗಿದ್ದ. ಬರುವ ಯುಗಾದಿಗೆ ಖಾಯಂ, ಬರುವ ದೀಪಾವಳಿಗೆ ಖಾಯಂ ಎಂದು ಹೇಳುತ್ತ ಹೇಳುತ್ತ ತಲೆ ಬೆಳ್ಳಗಾದ ಮೇಲೆ ಖಾಯಂ ಮಾಡಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ ಪಿಂಚಣಿಯೂ ಹೆಸರಿಗೆ ಮಾತ್ರ ಬಂತು.

ನಿಶಾತಳಿಗೆ ಅವನ ಮೇಲೆ ಸಿಟ್ಟು ಬರದಿರಲು ಒಂದು ಕಾರಣವಿದೆ. ಒಂಬತ್ತು ವರ್ಷದ ಹಿಂದೆ ಮೇ ತಿಂಗಳಲ್ಲಿ ಅವಳ ಅತ್ತೆ ಮೌಲಾಬಿ ತೀರಿಕೊಂಡಾಗ ನೀರು ಬಂದು ಆರು ದಿನವಾಗಿತ್ತು. ಮೈಯತ್ತಿಗೆ ಸ್ನಾನ ಮಾಡಿಸಲು ಬ್ಯಾರಲ್ಲಿನ ತಳದ ಕೆಸರು ನೀರೇ ಗತಿ ಎಂದು ಹೆಂಗಸರು ಕೊಡ ಹಿಡಿದು ನಿಂತಿದ್ದರು. ನಿಶಾತಳ ಗಂಡ ಶಾಕೀರ ಟ್ಯಾಂಕರಿಗಾಗಿ ಗೋಕುಲ ರಸ್ತೆಯುದ್ದಕ್ಕೂ ಓಡಾಡುತ್ತಿದ್ದ. ಆಗ ಯಾರೂ ಕೇಳದೆ ಗಿರಿಯಪ್ಪ ಬಂದು ಚಾವಿ ತಿರುವಿದ. ಪಾಳಿ ಬಿಟ್ಟು, ಇಪ್ಪತ್ತೇ ನಿಮಿಷ. ಸಂಜೆ ಆಫೀಸಿನ ಪುಸ್ತಕದಲ್ಲಿ ತನ್ನ ಕೈಯಾರೆ ಬರೆದ: ‘ಸಾವಿನ ಮನೆಗೆ ನೀರು ಬಿಟ್ಟಿದ್ದೇನೆ. ಗಿರಿಯಪ್ಪ.’ ಬರೆಯದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬರೆದದ್ದಕ್ಕೆ ನೋಟೀಸು ಬಂತು, ಒಂದು ದಿನದ ಪಗಾರ ಹೋಯಿತು. ಆ ಮಾತನ್ನು ನಿಶಾತ ಈಗಲೂ ಕಂಡವರ ಮುಂದೆಲ್ಲ ಹೇಳುತ್ತಾಳೆ.

ಈಗ ಅವನು ನಿವೃತ್ತನಾಗಿ ಆರು ವರ್ಷವಾಯಿತು. ಊರಿಗೆ ನೀರು ಬಿಡುವವರು ಬದಲಾದರು, ನೀರು ಬರುವ ಹೊತ್ತು ಮೊಬೈಲಿಗೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಎಂದು ಮೆಸೇಜು ಬಂದರೆ ಮಧ್ಯಾಹ್ನ ಎರಡಕ್ಕೆ ನಳ ಸೀನುತ್ತದೆ. ಓಣಿಯವರು ಮೆಸೇಜು ನೋಡುವುದನ್ನು ಬಿಟ್ಟು ಗಿರಿಯಪ್ಪನ ನಾಯಿಯನ್ನು ನೋಡುತ್ತಾರೆ. ಅದರ ಹೆಸರು ಮುಕಾದಮ. ಕಂದು ಬಣ್ಣದ್ದು, ಒಂದು ಕಿವಿ ಅರ್ಧ ಹರಿದದ್ದು, ಬೀದಿಯಲ್ಲೇ ಹುಟ್ಟಿದ್ದು. ಗಿರಿಯಪ್ಪನ ಕೊನೆಯ ವರ್ಷಗಳಲ್ಲಿ ಸೈಕಲ್ಲಿನ ಹಿಂದೆ ಓಡಾಡುತ್ತ, ಅವನು ಬಗ್ಗಿ ಕೆಲಸ ಮಾಡುವಾಗ ಪಕ್ಕದಲ್ಲಿ ಕುಂತು ನೋಡುತ್ತಿತ್ತಂತೆ. ಕೆಲಸ ಮಾಡದೆ ನೋಡುತ್ತ ಕೂಡುವವನು ಗ್ಯಾಂಗಿನ ಮೇಸ್ತ್ರಿ ಮುಕಾದಮನಲ್ಲದೆ ಮತ್ಯಾರು ಎಂದು ಗಿರಿಯಪ್ಪ ಆ ಹೆಸರಿಟ್ಟ. ಹೊಸ ವಾಲ್‌ಮನ್ನನ ಸ್ಕೂಟರಿನ ಮೇಲೆ ಚಾವಿ ಗಲಗಲಿಸುವ ಸದ್ದು ಎರಡು ಓಣಿ ಆಚೆಯಿಂದಲೇ ಅದಕ್ಕೆ ಕೇಳುತ್ತದೆ. ಅದು ಬೊಗಳಿತೆಂದರೆ ಹೆಂಗಸರು ಕೈಯಲ್ಲಿದ್ದ ರೊಟ್ಟಿ ಬಿಟ್ಟು ಕೊಡಕ್ಕೆ ಓಡುತ್ತಾರೆ.

ಹೀಗಾಗಿ ಆ ಓಣಿಯಲ್ಲಿ ಸರಕಾರದ ಮಾತಿಗಿಂತ ಗಿರಿಯಪ್ಪನ ಮಾತಿಗೆ, ಅವನ ನಾಯಿಯ ಮಾತಿಗೆ ಬೆಲೆ ಹೆಚ್ಚು. ನಿಶಾತ ಚೀಲದಲ್ಲಿ ಹೊತ್ತು ತರುವ ಬಿಪಿ, ಸಕ್ಕರೆಯ ಪುಕ್ಕಟೆ ಗುಳಿಗೆಗಳನ್ನು ಗಿರಿಯಪ್ಪ ಮುಟ್ಟುವುದಿಲ್ಲ. “ಪುಕ್ಕಟ ಕೊಟ್ಟದ್ದರಾಗ ಕಸುವು ಇರೂದಿಲ್ಲ ಯವ್ವಾ” ಎನ್ನುತ್ತಾನೆ; ಅವನನ್ನು ನೋಡಿ ಓಣಿಯ ಹಲವರೂ ಮುಟ್ಟುವುದಿಲ್ಲ. ಔಷಧದ ಅಂಗಡಿಯಿಂದ ರೊಕ್ಕ ಕೊಟ್ಟೇ ತರುತ್ತಾನೆ. ತರಲಿ, ಹೇಗಾದರೂ ನುಂಗಿದರೆ ಸಾಕು ಎಂದು ನಿಶಾತ ನಾಲ್ಕು ವರ್ಷದಿಂದ ಅವನ ಹೆಸರಿನ ಮುಂದೆ ‘ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ’ ಎಂದು ಬರೆಯುತ್ತ ಬಂದಿದ್ದಳು.

ಶ್ರಾವಣ ಕಳೆದ ಒಂದು ಮಧ್ಯಾಹ್ನ ಆಕೆ ಹೋದಾಗ ಮುದಕವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಎಣ್ಣೆಯ ರೇಟು ಏರಿದೆ, ಸಿಲಿಂಡರ್ ಏರಿದೆ, ತತ್ತಿಯೂ ಏರಿದೆ ಎಂದು ದೇವರ ನಾಮ ಹೇಳಿದಂತೆ ಹೇಳಿಕೊಂಡಳು. “ಏರಲಾರದ್ದು ಅಂದ್ರ ನಿಮ್ಮ ಕಾಕಾನ ಪಿಂಚಣಿ ಒಂದ ನೋಡು.” ಗಿರಿಯಪ್ಪ ಒಳಗೆ ಬೆಲ್ಲದ ತುಂಡಿನಲ್ಲಿ ಒಂದು ಗುಳಿಗೆ ಹುದುಗಿಸಿ ನಾಯಿಗೆ ತಿನ್ನಿಸುತ್ತಿದ್ದ. ಮುಕಾದಮನಿಗೆ ಚರ್ಮದ ಕಾಯಿಲೆಯಾಗಿ ಬೆನ್ನಿನ ಕೂದಲು ಉದುರಿತ್ತು. ದೇಶಪಾಂಡೆ ನಗರದ ಜಾನುವಾರು ಡಾಕ್ಟರರ ಹತ್ತಿರ ಆಟೋದಲ್ಲಿ ಕರೆದುಕೊಂಡು ಹೋಗಿ ಬಂದಿದ್ದ.

ಗೋಡೆಯ ಗೂಡಿನಲ್ಲಿ ನಾಯಿಯ ಗುಳಿಗೆ, ಮನುಷ್ಯನ ಗುಳಿಗೆ ಒಟ್ಟಿಗೇ ಇದ್ದವು. ನಿಶಾತ ಹಾಗೇ ಕೈಗೆತ್ತಿಕೊಂಡು ನೋಡಿದಳು. ನಾಯಿಯದು ತಾರೀಖಿಗೆ ಸರಿಯಾಗಿ ಖಾಲಿಯಾಗಿತ್ತು. ಅವನ ಸ್ಟ್ರಿಪ್ಪುಗಳು, ಜೊತೆಗಿದ್ದ ಬಿಲ್ಲಿನ ಪ್ರಕಾರ, ಎರಡು ತಿಂಗಳ ಹಿಂದಿನವು. ಇನ್ನೂ ಅರ್ಧ ತುಂಬಿದ್ದವು.

“ಕಾಕಾ, ಇವು ಯಾಕ ಉಳದಾವು?”

“ಪಾಳಿ ಹಚ್ಚೇನಿ,” ಎಂದ ಗಿರಿಯಪ್ಪ, ಹೆಮ್ಮೆಯಿಂದಲೇ. “ಸೋಮವಾರ, ಬುಧವಾರ, ಶುಕ್ರವಾರ ಸಕ್ಕರಿ ಲೈನ್. ಮಂಗಳವಾರ, ಗುರುವಾರ, ಶನಿವಾರ ಬಿಪಿ ಲೈನ್. ಐತವಾರ ಎರಡೂ ಬಂದ್. ಇದ್ದ ನೀರಾಗ ಇಡೀ ಊರು ಸಂಭಾಳಿಸಿದವ ನಾನು. ಇಷ್ಟು ಮೈ ಸಂಭಾಳಿಸಾಕ ಬರೂದಿಲ್ಲೇನು?”

ನಿಶಾತ ತಲೆಯ ಮೇಲೆ ಕೈ ಹೊತ್ತು ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ವರ್ಷ ತಾನು ಬರೆದದ್ದೆಲ್ಲ ಸುಳ್ಳಾಗಿತ್ತು. “ಹಂಗಾದ್ರ ನಾಯಿಗೆ ಯಾಕ ಪಾಳಿ ಇಲ್ಲ?”

“ಅದು ಬಾಯಿಲ್ಲದ್ದು ಯವ್ವಾ,” ಎಂದ ಅವನು. “ನಾ ತಪ್ಪಿಸಿದ್ರ ಅದು ಯಾರಿಗೆ ಹೇಳಬೇಕು?”

ಆ ಬಾಯಿಲ್ಲದ್ದೇ ಆವತ್ತು ಹೇಳಿತು. ಬೆಲ್ಲ ತಿಂದು ಮುಗಿಸಿದ ಮುಕಾದಮ ಗಿರಿಯಪ್ಪನ ಎಡಗಾಲಿನ ಹತ್ತಿರ ಹೋಗಿ ಮೂಸಿತು. ಅವನು ಕಾಲು ಹಿಂದೆಳೆದುಕೊಂಡ. ಅದು ಮತ್ತೆ ಹೋಗಿ ಮೂಸಿ ಕುಂಯ್ ಎಂದಿತು. ಹೋಗು ಎಂದು ಗದರಿದರೂ ಹೋಗಲಿಲ್ಲ. ನಿಶಾತ ಕಾಲಿನ ಕಡೆ ನೋಡಿದಳು. ಹಳೇ ಧೋತರದ ಅರಿವೆ ಸುತ್ತಿ ಮೇಲೆ ಚಪ್ಪಲಿ ಹಾಕಿಕೊಂಡಿದ್ದ. ಬೇಡವೆಂದರೂ ಕೇಳದೆ ಆಕೆ ಬಿಚ್ಚಿದಳು. ಅರಿಸಿನ ಮೆತ್ತಿದ್ದರ ಕೆಳಗೆ ಕಿರುಬೆರಳು, ಅದರ ಪಕ್ಕದ ಬೆರಳು ಕಪ್ಪಾಗಿದ್ದವು. ವಾಸನೆಗೆ ಮುದಕವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಎಂದಿನಿಂದ ಐತಿ ಇದು?”

“ಏನೋ ಚುಚ್ಚಿತ್ತು. ನೋವಿಲ್ಲ ಬಿಡು.”

ನೋವಿಲ್ಲದ್ದೇ ಹೆದರಿಕೆಯ ಮಾತು ಎಂದು ನಿಶಾತಳಿಗೆ ಗೊತ್ತಿತ್ತು. ಸಕ್ಕರೆ ನರಗಳನ್ನು ತಿಂದಿತ್ತು. ಇವತ್ತಲ್ಲ ನಾಳೆ ಎಂದರೆ ಕಾಲು ಹೋಗುತ್ತದೆ, ಕಾಲಿಗೇ ನಿಲ್ಲುತ್ತದೆ ಎಂದೂ ಹೇಳಲಾಗುವುದಿಲ್ಲ. ಈಗಲೇ ಸರಕಾರಿ ದೊಡ್ಡ ದವಾಖಾನೆಗೆ ನಡೆಯಿರಿ ಎಂದಳು. ಗಿರಿಯಪ್ಪ ಗೋಣು ಅಲ್ಲಾಡಿಸಿದ.

“ನಮ್ಮ ಗ್ಯಾಂಗಿನ ಹುಲಗೇಶ ಹೋಗಿದ್ದ. ನಡಕೋತ ಹೋದವ ಒಂದು ಕಾಲಿನ ಮ್ಯಾಲ ಬಂದ. ನಾ ಒಲ್ಲೆ.”

“ಹುಲಗೇಶ ಕಾಕಾ ನಾಲ್ಕು ತಿಂಗಳು ಮನ್ಯಾಗ ಅರಿಸಿನ ಹಚ್ಚಿಕೊಂಡು ಕುಂತು ಆಮ್ಯಾಲ ಹೋದ್ರು. ಕಾಲು ತಿಂದದ್ದು ದವಾಖಾನಿ ಅಲ್ಲರಿ, ಆ ನಾಲ್ಕು ತಿಂಗಳು!” ನಿಶಾತಳ ದನಿ ಏರಿತು. “ಖಾಸಗಿಗೆ ಹೋಗ್ತೀರಿ ಅಂದ್ರ ಹೋಗ್ರಿ. ಇಲ್ಲಾ, ಉಪ್ಪಿನಬೆಟಗೇರಿಗೆ ಫೋನ್ ಮಾಡಿ ಮಂದಾಕಿನಿಗೆ ಹೇಳತೇನಿ.” ಮಂದಾಕಿನಿ ಅವನ ಮಗಳು, ಅಲ್ಲಿ ಶಾಲೆಯ ಶಿಕ್ಷಕಿ. ಅಪ್ಪ ಊರಿಗೆಲ್ಲ ಹುಲಿಯಾದರೂ ಆಕೆಯ ಮುಂದೆ ಬೆಕ್ಕು.

ಆದರೆ ಗಿರಿಯಪ್ಪ ಅದಕ್ಕೂ ಹೆದರಲಿಲ್ಲ. ಮಗಳ ಹೆಸರು ತೆಗೆದಾಗ ಅವನು ನೋಡುತ್ತಿದ್ದದ್ದು ನಿಶಾತಳ ಕೈಯನ್ನು. ಕೂಗುತ್ತಿದ್ದಾಗ ಆಕೆ ಎಡಗೈಯಿಂದ ಕತ್ತಿನ ಹಿಂಭಾಗ ಒತ್ತಿ ಹಿಡಿದಿದ್ದಳು.

“ತಲಿ ನೋಯಾಕತ್ತೈತೇನು?”

“ಬಿಸಲಾಗ ಅಡ್ಡಾಡಿದ್ರ ನೋಯೂದಿಲ್ಲೇನ್ರಿ? ಮಾತು ಮರಿಸಬ್ಯಾಡ್ರಿ.”

“ಕುಂದರು. ಚೀಲದಾಗಿನ ಬಿಪಿ ಮಶೀನು ತಗಿ. ನಿನ್ನ ತೋಳಿಗೆ ಕಟ್ಟು.”

“ನಂದ್ಯಾಕ? ಬಂದದ್ದು ನಿಮಗ ನೋಡಾಕ.”

ಗಿರಿಯಪ್ಪ ಕಾಲು ಚಾಚಿಕೊಂಡು, ಇನ್ನು ತನಗೆ ಅವಸರವೇ ಇಲ್ಲವೆಂಬಂತೆ ಗೋಡೆಗೆ ಒರಗಿದ. “ನಾ ಚಾವಿ ತಿರುವಿದ ಕೂಡಲೇ ಬರೂ ನೀರು ಕೆಂಪು ಇರತಿದ್ದವು. ಅವನ್ನ ಹರಿಯಾಕ ಬಿಟ್ಟು, ಮೂಲಿ ಮನಿ ನಳಕ್ಕ ಬೊಗಸಿ ಹಿಡದು ಮೊದಲ ನಾ ಕುಡೀತಿದ್ದೆ. ವಾಸನಿ ಬಂದ್ರ ಬಂದ್ ಮಾಡತಿದ್ದೆ. ಯಾವ ಸಾಹೇಬನೂ ನನಗ ಹಂಗ ಮಾಡು ಅಂದಿದ್ದಿಲ್ಲ. ನಾ ಕುಡೀಲಾರದ್ದು ಮಂದಿ ಮಕ್ಕಳಿಗೆ ಹೆಂಗ ಬಿಡೂದು? ಈ ಮಶೀನು ಎಷ್ಟು ವರ್ಷ ಆತು ಹೊತಗೊಂಡು ತಿರಗಾಕತ್ತಿ? ನಿನಗ ನೀ ಒಮ್ಮೆರ ಕಟಗೊಂಡೀ?”

ನಿಶಾತ ನೆನಪಿಸಿಕೊಂಡಳು. ಇನ್ನೂರ ಹದಿನೆಂಟು ಮನೆ, ನಾಲ್ಕು ವರ್ಷ. ತನ್ನ ತೋಳಿಗೆ ಒಮ್ಮೆಯೂ ಇಲ್ಲ. ಹೊತ್ತೇ ಸಿಕ್ಕಿರಲಿಲ್ಲ, ಹಾಗೆ ಅನ್ನಿಸಿಯೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂಬ ಮಾತನ್ನು ಆಕೆ ಬೇರೆಯವರಿಗೆ ಎಷ್ಟು ಸಲ ಆಡಿದ್ದಳೋ. ಸುಮ್ಮನೆ ಪಟ್ಟಿ ಕಟ್ಟಿ ಗುಂಡಿ ಒತ್ತಿದಳು. ಮಶೀನು ಗುರ್ರೆಂದು ಗಾಳಿ ತುಂಬಿಕೊಂಡು, ಬಿಟ್ಟು, ಅಂಕಿ ತೋರಿಸಿತು. ನೂರಾ ಎಪ್ಪತ್ತೆಂಟು, ನೂರಾ ಹನ್ನೆರಡು.

“ಸೆಲ್ ಮುಗದಿರಬೇಕು,” ಎಂದಳು. ಮತ್ತೆ ಕಟ್ಟಿದಳು. ಮೊದಲಿಗಿಂತ ಎರಡು ಹೆಚ್ಚೇ ಬಂತು. “ಮಶೀನು ಕೆಟ್ಟೈತಿ ಕಾಕಾ. ಸರಕಾರದ್ದು, ಇಷ್ಟು ದಿನ ಬಂದದ್ದ ಹೆಚ್ಚು.”

“ನನ್ನ ತೋಳಿನ ಮ್ಯಾಲ ಖರೇ, ನಿನ್ನ ತೋಳಿನ ಮ್ಯಾಲ ಸುಳ್ಳು ಏನು?” ಎಂದ ಗಿರಿಯಪ್ಪ.

ನಿಶಾತಳಿಗೆ ಅಳು ಬಂತು. ಅವಳಿಗೆ ಮೂವತ್ತೆಂಟು ವಯಸ್ಸು, ಎರಡು ಮಕ್ಕಳು; ಬಿಪಿ ಏರಿ ಪಾರ್ಶ್ವವಾಯು ಹೊಡೆದು ಮಲಗಿದ ಎಷ್ಟೋ ಹೆಂಗಸರ ಹೆಸರು ಅವಳ ಪುಸ್ತಕದಲ್ಲೇ ಇವೆ. ಮುದಕವ್ವ ಶೇಂಗಾದ ಬುಟ್ಟಿ ಸರಿಸಿ ಬಂದು ಆಕೆಯ ಬೆನ್ನ ಮೇಲೆ ಕೈ ಇಟ್ಟಳು. ಆಮೇಲೆ ಗಿರಿಯಪ್ಪ ಗೋಡೆ ಹಿಡಿದು ಎದ್ದ.

“ನಡಿ. ಇಬ್ರೂ ಹೋಗೂಣು. ನೀ ನುಂಗೂ ಗುಳಿಗಿ ನಾನೂ ನುಂಗತೇನಿ. ಸಾಯೂದಾದ್ರ ಒಬ್ಬಕಿನ್ನ ಸರಕಾರದ ಕೈಯಾಗ ಬಿಡೂದಿಲ್ಲ.”

ಆ ಸಂಜೆಯೇ ಅವನು ಭರ್ತಿಯಾದ, ಹನ್ನೊಂದು ದಿನ ಇದ್ದ. ನಿಶಾತ ಹೊರರೋಗಿಗಳ ಸಾಲಿನಲ್ಲಿ ನಿಂತು ತನಗೂ ಚೀಟಿ ಮಾಡಿಸಿದಳು, ಬಿಪಿ ಗುಳಿಗೆ ಶುರುವಾಯಿತು. ಗಿರಿಯಪ್ಪನ ಎರಡು ಬೆರಳು ತೆಗೆದರು, ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲಿನವರೆಗೆ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದಾಗ ಮಂದಾಕಿನಿ ಅಪ್ಪನನ್ನು ನೋಡಿದ ನೋಟಕ್ಕೆ ವಾರ್ಡಿನವರೆಲ್ಲ ತಲೆ ತಗ್ಗಿಸಿದರು. ದವಾಖಾನೆಯಲ್ಲಿಯೂ ಅವನ ಬುದ್ಧಿ ಬಿಡಲಿಲ್ಲ. ಸಲೈನ್ ಬಾಟಲಿ ತಂದರೆ ತಾರೀಖು ತೋರಿಸು ಎನ್ನುವನು. ಸೂಜಿಯ ಕವರು ತನ್ನ ಕಣ್ಣ ಮುಂದೆ ಹರಿಯಬೇಕು. ಮೊದಲೆರಡು ದಿನ ನರ್ಸಮ್ಮ ಬೈದಳು. ಮೂರನೆಯ ದಿನದಿಂದ ಕೇಳುವ ಮೊದಲೇ ತೋರಿಸತೊಡಗಿದಳು, ಐದನೆಯ ದಿನದಿಂದ ಪಕ್ಕದ ಮಂಚದವರಿಗೂ ತೋರಿಸಿದಳು. ನಿಶಾತ ಅದನ್ನು ನೋಡಿ, ಈ ಮನುಷ್ಯನ ಅಪನಂಬಿಕೆಯಿಂದಲೂ ನಾಲ್ಕು ಮಂದಿಗೆ ಒಳ್ಳೆಯದೇ ಆಗುತ್ತದಲ್ಲ ಎಂದುಕೊಂಡಳು.

ಮನೆಯಲ್ಲಿ ಮುಕಾದಮ ಎರಡು ದಿನ ಅನ್ನ ಮುಟ್ಟಲಿಲ್ಲ. ಗ್ಯಾರೇಜಿಗೆ ಹೋಗುವಾಗ ಶಾಕೀರ ಬನ್ನು ತಂದು ಚಹಾದಲ್ಲಿ ಅದ್ದಿ ಕೊಟ್ಟ ಮೇಲೆ ತಿಂದಿತು. ನೀರು ಬಂದ ದಿನ ಮಾತ್ರ ಬೊಗಳುವುದನ್ನು ತಪ್ಪಿಸಲಿಲ್ಲ.

ಗಿರಿಯಪ್ಪ ಮರಳಿ ಬಂದ ಮೂರನೆಯ ದಿನ ಓಣಿಯ ಹೆಂಗಸರು ಮಾತಾಡಿಸಲು ಬಂದರು. ಅವರಲ್ಲೊಬ್ಬಳು ದಾವಲಬಿ, ಕೊನೆಯ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಕುಶಲ ಕೇಳಿ ಹೋಗುವಾಗ, “ನಿಮ್ಮ ಪಾಳಿ ನನಗ ಭಾಳ ಛಲೋ ಆತು ಗಿರಿಯಪ್ಪಣ್ಣ,” ಎಂದಳು. “ಒಂದು ದಿನ ಬಿಪಿ, ಒಂದು ದಿನ ಸಕ್ಕರಿ. ಒಂದು ತಿಂಗಳಿನ ಗುಳಿಗಿ ಎರಡು ತಿಂಗಳು ಬರತಾವ.”

ಗಿರಿಯಪ್ಪನ ಮುಖ ಬಿಳಿಚಿತು. “ಯಾರು ಹೇಳಿದ್ರು ನಿನಗ?”

“ನೀವ ಹೇಳಿದ್ರಲ್ಲ, ನಳದ ಹತ್ರ! ಎಲ್ಲಾರೂ ಹಂಗ ಮಾಡಾಕತ್ತೇವಿ. ನೀವು ಹೇಳಿದ ಮ್ಯಾಲ ಸುಳ್ಳಾಗತೈತೇನು?”

ಆಕೆ ಹೋದ ಮೇಲೆ ಅವನು ನಿಶಾತಳನ್ನು ಕರೆಸಿದ. ಇಬ್ಬರೂ ಕೂತು ಪುಸ್ತಕ ನೋಡಿದರು. ಗುಳಿಗೆಯವರ ಹೆಸರು ಒಂದೊಂದನ್ನೇ ಓದಿ ಅವನು ಹೌದು, ಅಲ್ಲ ಎಂದ. ತಾನು ಯಾರ ಯಾರ ಮುಂದೆ ತನ್ನ ಜಾಣತನ ಕೊಚ್ಚಿಕೊಂಡಿದ್ದೆ ಎಂದು ಅವನಿಗೆ ನೆನಪಿತ್ತು. ಹತ್ತೊಂಬತ್ತು ಮನೆಗಳಾದವು. ಸರಕಾರವನ್ನು ನಂಬಬೇಡಿ ಎಂದು ಅವನು ಹೇಳಿದ್ದ. ಅವರು ಸರಕಾರವನ್ನು ಬಿಟ್ಟು ಅವನನ್ನು ನಂಬಿದ್ದರು.

ನಿಶಾತಳಿಗೆ ಅವನ ಮೇಲೆ ಮೊದಲಿನಿಂದಲೂ ಗೌರವವಿತ್ತು. ಆದರೆ ಮರುದಿನ ಅವನು ಮಾಡಿದ್ದನ್ನು ನೋಡಿದ ಮೇಲೆ ಅದು ಬೇರೆಯೇ ಆಯಿತು. ಹಸಿ ಗಾಯದ ಕಾಲಿಗೆ ಬ್ಯಾಂಡೇಜು ಬಿಗಿದುಕೊಂಡು, ಕೋಲು ಊರಿಕೊಂಡು ಅವನು ಹೊರಟ. ಬೇಡವೆಂದರೂ ಕೇಳಲಿಲ್ಲ. ಒಂದೊಂದು ಮನೆಯ ಬಾಗಿಲಲ್ಲೂ ನಿಂತು, “ನಾ ಹೇಳಿದ್ದು ತಪ್ಪು. ನನ್ನ ಕಾಲು ನೋಡ್ರಿ” ಎಂದ. ಬ್ಯಾಂಡೇಜು ತೋರಿಸಿದ. “ದಿನಾ ಎರಡೂ ನುಂಗಬೇಕು. ರೊಕ್ಕ ಸಾಲದಿದ್ರ ನಿಶಾತನ ಕಡೆ ಪುಕ್ಕಟ ಸಿಗತಾವು. ನಾನೂ ಅವನ್ನ ನುಂಗಾಕತ್ತೇನಿ. ತಾರೀಖು ನೋಡೇನಿ, ಬರೋಬರಿ ಅದಾವು.” ತಾನು ಸರಿ ಎಂದು ಹೇಳಲು ಹತ್ತು ಮನೆ ತಿರುಗುವವರನ್ನು ನಿಶಾತ ಬೇಕಾದಷ್ಟು ನೋಡಿದ್ದಳು. ತಾನು ತಪ್ಪು ಎಂದು ಹೇಳಲು ಕುಂಟುತ್ತ ಹತ್ತೊಂಬತ್ತು ಬಾಗಿಲು ಹತ್ತಿ ಇಳಿದವನನ್ನು ನೋಡಿದ್ದು ಅದೇ ಮೊದಲು.

ಆ ತಿಂಗಳು ನಿಶಾತಳ ಚೀಲ ಖಾಲಿಯಾಯಿತು. ನಾಲ್ಕು ವರ್ಷ ಆಕೆ ಬೇಡಿಕೊಂಡರೂ ತೆಗೆದುಕೊಳ್ಳದವರು ಮನೆಗೇ ಬಂದು ಕೇಳಿಕೊಂಡು ಹೋದರು. ಮುಂದಿನ ತಿಂಗಳ ಮೊದಲ ಸೋಮವಾರ ಆಕೆ ಆರೋಗ್ಯ ಕೇಂದ್ರಕ್ಕೆ ಹೋದಾಗ ಔಷಧ ಕೊಡುವ ಅಂಬರೀಷ ಕೈ ಅಲ್ಲಾಡಿಸಿದ. ಸ್ಟಾಕ್ ಇಲ್ಲ. ಯಾವಾಗ ಬರುತ್ತದೋ ಮೇಲಿನವರಿಗೇ ಗೊತ್ತಿಲ್ಲ. ಬರುವ ವಾರ ನೋಡು.

ಇದನ್ನು ಗಿರಿಯಪ್ಪನಿಗೆ ಹೇಗೆ ಹೇಳುವುದೆಂದು ನಿಶಾತಳಿಗೆ ದಾರಿಯುದ್ದಕ್ಕೂ ಹೆದರಿಕೆ. ನಾ ಮೊದಲೇ ಹೇಳಿರಲಿಲ್ಲವೇ ಎನ್ನುತ್ತಾನೆ, ಮತ್ತೆ ಪಾಳಿ ಹಚ್ಚುತ್ತಾನೆ, ಅವನ ಹಿಂದೆ ಹತ್ತೊಂಬತ್ತು ಮನೆ. ಗಾಯ ಇನ್ನೂ ಪೂರ್ತಿ ಮಾಗಿಲ್ಲ. ಉಳಿಸಿದ ಪಾದ ಈ ಸಲ ಉಳಿಯಲಾರದು. ಕಟ್ಟೆಯ ಮೇಲೆ ಕೂತವನಿಗೆ ಹೇಳಿದಳು. ಅವನು ಒಳಗೆ ಹೋಗಿ ಅಂಗಿ ಬದಲಿಸಿ ಬಂದು, “ನಡಿ” ಎಂದ.

ಆರೋಗ್ಯ ಕೇಂದ್ರದಲ್ಲಿ ಔಷಧದ ಕಿಟಕಿಯ ಎದುರಿನ ಬೆಂಚಿನ ಮೇಲೆ ಅವನು ಕೂತ. ಸ್ಟಾಕ್ ಇಲ್ಲ ಎಂದ ಅಂಬರೀಷ. ಗೊತ್ತೈತ್ರಿ, ಬರೂತನಕ ಕುಂದರತೇನಿ ಎಂದ ಗಿರಿಯಪ್ಪ. ಒಂದು ತಾಸಾಯಿತು, ಎರಡಾಯಿತು. ಜಗಳವಿಲ್ಲ, ಕೂಗಾಟವಿಲ್ಲ. ಬಂದು ಹೋಗುವವರೆಲ್ಲ ಬ್ಯಾಂಡೇಜಿನ ಕಾಲನ್ನು ನೋಡಿ, ಯಾಕೆ ಕೂತಿದ್ದೀರಿ ಎಂದು ಕೇಳಿ, ಉತ್ತರ ಕೇಳಿಕೊಂಡು ಕಿಟಕಿಯ ಕಡೆ ತಿರುಗಿ ನೋಡುತ್ತಿದ್ದರು. ಕೊನೆಗೆ ಅಂಬರೀಷನಿಗೇ ತಡೆಯಲಾಗದೆ ಕಪಾಟುಗಳನ್ನೆಲ್ಲ ತಡಕಾಡಿ ನಾಲ್ಕು ಸ್ಟ್ರಿಪ್ ತಂದ. “ಇಷ್ಟ ಇದ್ವು. ನೀವು ತಗೊಂಡು ಮನಿಗೆ ನಡೀರಿ ಅಜ್ಜಾರ. ನಿಮ್ಮ ಕಾಲು ನೋಡಾಕ ಆಗವಲ್ದು.”

ನಿಶಾತ ಆಸೆಯಿಂದ ಕೈ ಚಾಚಿದಳು. ಗಿರಿಯಪ್ಪ ಮುಟ್ಟಲಿಲ್ಲ.

“ಇವು ನನಗ ಆಗತಾವು. ಉಳಿದವರಿಗೆ?”

“ಕಾಕಾ, ಈಗ ನಿಮ್ಮ ಪೂರ್ತೆ ತಗೊಳ್ರಿ. ಅವರಿಗೆ ಆಮ್ಯಾಲ ನೋಡೂಣು.”

“ಇದನ್ನ ತುಂಡು ಮಾಡಿ ಹತ್ತೊಂಬತ್ತು ಮನಿಗೆ ಸಮಾ ಹಂಚಾಕ ನನಗ ಬರತೈತಿ ನಿಶಾತ. ಅದೊಂದು ವಿದ್ಯಾ ನನಗ ಭಾಳ ಛಲೋ ಬರತೈತಿ.” ಅವನ ದನಿ ತಗ್ಗಿತು. ಕಿಟಕಿಯ ಕಡೆ ನೋಡದೆ ತನ್ನ ಕೈಗಳನ್ನು ನೋಡುತ್ತ ಮಾತಾಡಿದ. “ಮೂವತ್ನಾಲ್ಕು ವರ್ಷ ಅದನ್ನ ಮಾಡಿದೆ. ಎಂಟು ದಿನಕ್ಕೊಮ್ಮೆ ಬಂದ ನೀರನ್ನ ಎಲ್ಲಾರಿಗೂ ಸಮಾ ಬಿಟ್ಟೆ ಅಂತ ಎದಿ ಉಬ್ಬಿಸಿ ಅಡ್ಡಾಡಿದೆ. ಹೆಣ್ಣಮಕ್ಕಳು ಕೊಡಾ ಹಿಡಕೊಂಡು 'ಗಿರಿಯಪ್ಪ ದೇವರಂಥಾವ' ಅಂದ್ರ ಖುಷಿ ಆಗತಿತ್ತು. ಎಂಟು ದಿನಕ್ಕ ಯಾಕ, ದಿನಾ ಯಾಕಿಲ್ಲ ಅಂತ ಆ ಆಫೀಸಿನಾಗ ಒಂದು ದಿನ, ಒಂದ ಒಂದು ದಿನ ಕೇಳಲಿಲ್ಲ ನೋಡು. ಇವರು ಕೊಡೂದಿಲ್ಲ ಅಂತ ನಾನ ತಿಳಕೊಂಡು ಕುಂತೆ. ನಂಬಿಕಿ ಇದ್ದಿದ್ದಿಲ್ಲ, ಅದಕ್ಕ ಕೇಳಲಿಲ್ಲ. ಅವರಿಗೂ ಅದ ಬೇಕಾಗಿತ್ತು.”

ಅವನ ಕಣ್ಣು ತುಂಬಿದ್ದನ್ನು ನಿಶಾತ ಮೊದಲ ಸಲ ಕಂಡಳು. ನಾಲ್ಕು ತಿಂಗಳಿಂದ ಅವಳ ಗೌರವಧನವೂ ಬಂದಿರಲಿಲ್ಲ. ಕೇಳಿದರೆ ಬರುತ್ತದೆಯೇ ಎಂದು ಆಕೆಯೂ ಕೇಳಿರಲಿಲ್ಲ. ಭುಜದ ಚೀಲ ಇಳಿಸಿ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಇಟ್ಟಳು. ಪುಸ್ತಕ ತೆಗೆದು, ಗುಳಿಗೆಯವರ ಹೆಸರಿದ್ದ ಪುಟ ತೆರೆದು, ಕಿಟಕಿಗೆ ಹೋದಳು.

“ಅಂಬರೀಷ ಸರ್, ಮ್ಯಾಲಿನವರ ನಂಬರ್ ಹಚ್ಚಿ ನನ್ನ ಕೈಯಾಗ ಕೊಡ್ರಿ,” ಎಂದಳು. “ಎಷ್ಟು ಮಂದಿಗೆ ಬೇಕು ಅಂತ ನಾ ಓದಿ ಹೇಳತೇನಿ.”